ಒಂದು ವೋಟಿನ ಅಂತರ, ಒಂದು ಲಕೋಟೆಯ ತಪ್ಪು

ಎಲೆಕ್ಷನ್ ಬಂತು ಅಂದ್ರೆ ನಮ್ಮ ಬಾಣಾವರದ ವಾಟ್ಸಾಪ್ ಗ್ರೂಪಿಗೆ ಸಂತೇಮರಹಳ್ಳಿ ಕಥೆ ತಪ್ಪದೇ ಬರುತ್ತೆ. 2004ರ ವಿಧಾನಸಭಾ ಚುನಾವಣೆ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಕೃಷ್ಣಮೂರ್ತಿಯವರ ಕಾರು ಚಾಲಕನಿಗೇ ಅವತ್ತು ವೋಟು ಹಾಕಲು ಬಿಡುವು ಸಿಗಲಿಲ್ಲ ಅನ್ನೋ ಮಾತು ಇದರ ಜೊತೆಗೇ ಓಡಾಡುತ್ತೆ. ಫಾರ್ವರ್ಡ್ ಮಾಡುವವರು ಲೆಕ್ಕ ಮಾತ್ರ ಹಾಕಲ್ಲ. ಆ ಚಾಲಕ ವೋಟು ಹಾಕಿದ್ದರೂ ಗೆಲುವಲ್ಲ, ಸಮ ಆಗುತ್ತಿತ್ತು. ಆಮೇಲೆ ಪ್ರಜಾಪ್ರಾತಿನಿಧ್ಯ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಚೀಟಿ ಎತ್ತಬೇಕಿತ್ತು.

ಇದೇ ಅಂತರ 2025ರ ಏಪ್ರಿಲ್‌ನಲ್ಲಿ ಕೆನಡಾದ ಸಂಸತ್ ಚುನಾವಣೆಯಲ್ಲೂ ಬಂತು. ಮಾಂಟ್ರಿಯಲ್ ನಗರದ ಹೊರವಲಯದಲ್ಲಿ, ಫ್ರೆಂಚ್ ಮಾತಾಡುವವರೇ ಹೆಚ್ಚಿರುವ ಟೆರ್ಬೋನ್ ಕ್ಷೇತ್ರ. ಮೊದಲು ಲಿಬರಲ್ ಪಕ್ಷ ಮುಂದೆ ಅಂದರು. ಅಂಕಿ ಪರಿಶೀಲಿಸಿದಾಗ ಬ್ಲಾಕ್ ಕೆಬೆಕ್ವಾ 44 ಮತಗಳಿಂದ ಮುಂದೆ. ನ್ಯಾಯಾಧೀಶರ ಎದುರು ಮರುಎಣಿಕೆ ಆದಾಗ ಲಿಬರಲ್ ಪಕ್ಷದ ತಾತಿಯಾನಾ ಒಗುಸ್ಟ್ ಒಂದೇ ಮತದಿಂದ ಗೆದ್ದರು. ಆಮೇಲೆ ಗೊತ್ತಾಗಿದ್ದು, ಬ್ಲಾಕ್‌ಗೆ ಅಂಚೆಯಲ್ಲಿ ವೋಟು ಹಾಕಿದ್ದ ಒಬ್ಬ ಮಹಿಳೆಯ ಲಕೋಟೆ ವಾಪಸ್ ಅವರ ಮನೆಗೇ ಬಂದಿತ್ತು. ಲಕೋಟೆಯ ಮೇಲೆ ಚುನಾವಣಾ ಕಚೇರಿಯೇ ತಪ್ಪು ಪಿನ್‌ಕೋಡ್ ಅಚ್ಚು ಹಾಕಿತ್ತು. ವಿವಾದ ಕೋರ್ಟಿನ ಮೆಟ್ಟಿಲು ಹತ್ತಿತು.

ನಮ್ಮಲ್ಲೂ ಜಗಳ ಲಕೋಟೆಗೇ ಬಂದು ನಿಂತಿದ್ದುಂಟು. 2023ರ ಮೇ 13ರ ರಾತ್ರಿ ಬೆಂಗಳೂರಿನ ಜಯನಗರ ನೆನಪಿದೆಯಲ್ಲ? ಮೊದಲು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಮುಂದಿದ್ದರು. ತಿರಸ್ಕರಿಸಿದ್ದ ಅಂಚೆ ಮತಗಳನ್ನು ಮತ್ತೆ ತೆಗೆದು ನೋಡಿದ ಮೇಲೆ ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದರು. ಅಂಚೆ ಮತದಲ್ಲಿ ಒಳಗೊಂದು ಲಕೋಟೆ, ಹೊರಗೊಂದು ಲಕೋಟೆ, ನಡುವೆ 13ಎ ಅನ್ನೋ ಘೋಷಣಾ ಪತ್ರ. ಆ ಪತ್ರದಲ್ಲಿ ಸಹಿಯೋ ದೃಢೀಕರಣವೋ ಇಲ್ಲದಿದ್ದರೆ ಒಳಗಿನ ಲಕೋಟೆ ಬಿಚ್ಚುವುದೇ ಇಲ್ಲ, ವೋಟು ಕಸ. ಗೆಲುವಿನ ಅಂತರ ಹೀಗೆ ತಿರಸ್ಕೃತವಾದ ಮತಗಳಿಗಿಂತ ಕಡಿಮೆ ಇದ್ದರೆ ಅವನ್ನೆಲ್ಲ ಮತ್ತೆ ಪರಿಶೀಲಿಸಲೇಬೇಕು ಅಂತ ಆಯೋಗದ ಸೂಚನೆ ಇದೆ. ಒಳ್ಳೆಯ ನಿಯಮ. ಆದರೆ ಎಣಿಕೆ ಕೇಂದ್ರದಲ್ಲಿ ಕೂತ ಪಕ್ಷದ ಏಜೆಂಟರಲ್ಲಿ ಎಷ್ಟು ಜನರಿಗೆ ಇದು ಗೊತ್ತು?

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಮೊದಲ ವರ್ಷವೇ ಹೇಳಿಕೊಡ್ತಾರೆ: ಅಳೆಯೋ ಸಾಧನದ ದೋಷಕ್ಕಿಂತ ಚಿಕ್ಕ ವ್ಯತ್ಯಾಸ ಸಿಕ್ಕಿದರೆ ಅದನ್ನು ಫಲಿತಾಂಶ ಅಂತ ಬರೀಬೇಡ, ಮತ್ತೆ ಅಳೆ ಅಂತ. ಚುನಾವಣೆಯಲ್ಲಿ ಆ ಸೌಲಭ್ಯ ಇಲ್ಲ. ಅಂತರ ಎಷ್ಟೇ ಇರಲಿ ಯಾರೋ ಒಬ್ಬರನ್ನು ಘೋಷಿಸಲೇಬೇಕು. ಸೋತವರು 45 ದಿನದೊಳಗೆ ಹೈಕೋರ್ಟಿಗೆ ಹೋಗಿ, ತಪ್ಪಾಗಿದೆ ಅಂತಷ್ಟೇ ಅಲ್ಲ, ಆ ತಪ್ಪಿನಿಂದಲೇ ಫಲಿತಾಂಶ ಬದಲಾಗಿದೆ ಅಂತ ಸಾಬೀತು ಮಾಡಬೇಕು. ಗುಪ್ತ ಮತದಾನದಲ್ಲಿ ಅದೆಷ್ಟು ಕಷ್ಟ ಯೋಚಿಸಿ.

ಸಮಯವಂತೂ ಕೇಳಲೇಬೇಡಿ. ನಮ್ಮ ಹಾಸನದ್ದೇ ನೋಡಿ. 2019ರಲ್ಲಿ ಪ್ರಜ್ವಲ್ ರೇವಣ್ಣ ಗೆದ್ದಿದ್ದನ್ನು ಹೈಕೋರ್ಟು ಅಸಿಂಧು ಅಂದಿದ್ದು 2023ರ ಸೆಪ್ಟೆಂಬರ್ 1ಕ್ಕೆ. ಅದು ಆಸ್ತಿ ವಿವರದ ಪ್ರಕರಣ, ಅಂತರವೂ ಲಕ್ಷ ದಾಟಿತ್ತು, ಆ ಮಾತು ಬೇರೆ. ಆದರೆ ಐದು ವರ್ಷದ ಅವಧಿಯಲ್ಲಿ ನಾಲ್ಕು ವರ್ಷ ಮುಗಿದೇ ಹೋಗಿತ್ತು. ಆ ಆದೇಶಕ್ಕೂ ಸುಪ್ರೀಂ ಕೋರ್ಟಿನ ತಡೆ ಸಿಕ್ಕಿತು.

ಇವಿಎಂ ಬಗ್ಗೆ ನಾವು ಗಂಟೆಗಟ್ಟಲೆ ಜಗಳ ಆಡ್ತೀವಿ, ಆಡಲಿ. ನನ್ನ ಅನುಮಾನ ಇರೋದು ಮಿಷಿನ್ ಸುತ್ತ ಇರುವ ಕಾಗದದ ಮೇಲೆ. ಪಟ್ಟಿಯಿಂದ ಬಿಟ್ಟುಹೋದ ಹೆಸರು, ಸಹಿ ಇಲ್ಲದ ಫಾರಂ, ಸಿಗದ ರಜೆ.

ಈ ರಜೆ ವಿಷಯಕ್ಕೇ ಮತ್ತೆ ಆ ಚಾಲಕ ನೆನಪಾಗೋದು. ಬಾಣಾವರ, ಅರಸೀಕೆರೆ ಕಡೆಯ ಎಷ್ಟೋ ಹುಡುಗರು ಬೆಂಗಳೂರಲ್ಲಿ ಹೋಟೆಲ್, ಗ್ಯಾರೇಜು, ಕ್ಯಾಬು ಅಂತ ಇದ್ದಾರೆ, ವೋಟು ಮಾತ್ರ ಊರಲ್ಲಿದೆ. 2024ರ ಏಪ್ರಿಲ್ 26ಕ್ಕೆ ಹಾಸನದಲ್ಲೂ ಬೆಂಗಳೂರಲ್ಲೂ ಒಂದೇ ದಿನ ಮತದಾನ. ಕೆಲಸಗಾರರಿಗೆ ಆ ದಿನ ಸಂಬಳ ಸಹಿತ ರಜೆ ಕೊಡಬೇಕು ಅಂತ ಅದೇ ಕಾಯ್ದೆಯ 135ಬಿ ಸೆಕ್ಷನ್ ಹೇಳುತ್ತೆ. ಕೊಡದ ಮಾಲೀಕನಿಗೆ ಗರಿಷ್ಠ ದಂಡ 500 ರೂಪಾಯಿ. ಬೆಂಗಳೂರಿಂದ ಊರಿಗೆ ಹೋಗಿ ಬರೋ ಬಸ್ಸು, ಊಟ, ಒಂದು ದಿನದ ಕೂಲಿ ಸೇರಿಸಿದರೆ ಹುಡುಗನಿಗೇ ಅದಕ್ಕಿಂತ ಜಾಸ್ತಿ ಬೀಳುತ್ತೆ.