ಹೊಸ ಮನಿಗಿ ಲೈಟ್ ಬಂತು, ನಳ ಬಂತು, ಇಂಟರ್ನೆಟ್ ವೈರ್ ಯಾಕ ಬರಲಿಲ್ಲ?

ಈ ಸಲ ತೊಗರಿ ಬಗ್ಗೆ ಬರಿಯಂಗಿಲ್ಲ, ಮನಿ ಬಗ್ಗೆ ಬರಿತೀನಿ. ನಮ್ಮ ರಾವೂರ, ವಾಡಿ, ಶಹಾಬಾದ, ಚಿತ್ತಾಪುರ ಕಡಿ ಎಲ್ಲಿ ನೋಡಿದ್ರೂ ಹೊಸ ಮನಿ ಏಳ್ಲಕತ್ತಾವ. ಅಣ್ಣತಮ್ಮರು ಪಾಲಾದ್ರು, ಹಳಿ ಮನಿ ಸಣ್ಣದಾಯ್ತು, ಅದಕ್ಕ ಊರ ಹೊರಗ ರೋಡಿನ ಮಗ್ಗಲ, ಹೊಲದ ಕಡಿ ಕಟ್ಟಲಕತ್ತೀವಿ. ಕಟ್ಟೋವಾಗ ಬೋರ್, ನಳ, ಲೈಟ್, ಸಂಡಾಸ ಎಲ್ಲಾ ವಿಚಾರ ಮಾಡ್ತೀವಿ. ದೇವರ ಜಗಲಿ ಯಾವ ದಿಕ್ಕಿಗಿ ಇರಬೇಕು ಅಂತ ನಾಕು ಮಂದಿನ್ನ ಕೇಳ್ತೀವಿ. ಇಂಟರ್ನೆಟ್ ವೈರ್ ಯಾವ ಗ್ವಾಡಿಯಿಂದ ಒಳಗ ಬರಬೇಕು ಅಂತ ಮಾತ್ರ ಯಾರೂ ಕೇಳಂಗಿಲ್ಲ. ಬಣ್ಣ ಹೊಡದು, ಫರಸಿ ಹಾಸಿ, ಗೃಹಪ್ರವೇಶದ ಊಟ ಮುಗಿದ ಮ್ಯಾಲ ಮಕ್ಕಳು ಕೇಳ್ತಾವ, "ವೈಫೈ ಯಾವಾಗ ಬರ್ತದ?"

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಇಂಟರ್ನೆಟ್ ವೈರ್ ಈಗ ನಳ-ಲೈಟಿನ ಜೋಡಿ ಕೂಡೋ ವಸ್ತು. ಹಂಗಾಗಿ ಮನಿ ಕಟ್ಟೋವಾಗೇ ಅದಕ್ಕ ದಾರಿ ಇಡಬೇಕು. ಎರಡನೇದ್ದು, ಅದನ್ನ ಒಬ್ಬೊಬ್ಬರಾಗಿ ಬೇಡಬಾರದು. ಓಣಿ ಸೇರಿ ಕೇಳಬೇಕು, ಪಂಚಾಯತಿ ಸಭಾದಾಗ ಬರಸಿ ಕೇಳಬೇಕು.

"ಮೊಬೈಲ್ ಅದಲ್ಲ, ಮನಿಗಿ ವೈರ್ ಯಾಕ್ ಬೇಕ್ರಿ?" ಅನ್ನೋರು ಅದಾರ. ಖರೆ, ಹೊಲದಾಗ ನಿಂತು ಬೆಳೆ ಸಮೀಕ್ಷೆ ಆ್ಯಪಿನಾಗ ಫೋಟೊ ಹೊಡಿಲಾಕ ಮೊಬೈಲೇ ಬೇಕು. ಆದ್ರ ಉಳಿದ ಕೆಲಸ ನೋಡ್ರಿ. ಪಿಎಂ ಕಿಸಾನ್ ಇ-ಕೆವೈಸಿ, ಪಹಣಿ ತೆಗೆಯೋದು, ಫ್ರೂಟ್ಸ್ ಐಡಿ ನೋಡೋದು ಎಲ್ಲಾ ನೆಟ್ ಮ್ಯಾಲೇ. 2025-26ಕ್ಕ ತೊಗರಿ ಬೆಂಬಲ ಬೆಲಿ ಕ್ವಿಂಟಲಿಗಿ 8,000 ರೂಪಾಯಿ ಅಂತ ಹೇಳ್ಯಾರ. ಅದು ಕೈಗೆ ಬರಬೇಕಂದ್ರ ಫ್ರೂಟ್ಸ್ ಐಡಿದಾಗ ಬೆಳಿ ಸರಿ ಇರಬೇಕು. ಆಲಿಕಲ್ಲು ಬಿದ್ದು, ಹೊಲದಾಗ ನೀರು ನಿಂತು ಬೆಳಿ ಹಾಳಾದ್ರ ವಿಮಾದವರಿಗಿ 72 ತಾಸಿನ ಒಳಗ ತಿಳಿಸಬೇಕು ಅಂತ ನಿಯಮ ಅದ. ಅಂಥಾ ಮಳಿ ದಿನಾನೇ ಕರೆಂಟ್ ಹೋಗಿ, ಟವರಿನ ಬ್ಯಾಟರಿ ಇಳಿದು, ಮೊಬೈಲಿನಾಗ ಒಂದ್ ಕಡ್ಡಿ ಸಿಗ್ನಲ್ ಸುದ್ದಾ ಇರಂಗಿಲ್ಲ.

ಮಕ್ಕಳ ವಿಷಯ ಇನ್ನೂ ದೊಡ್ಡದು. ನಮ್ಮ ಅಣ್ಣನ ಮಗಳು ಪಿಯುಸಿ ಓದ್ಲಕತ್ತಾಳ. ದಿನಕ್ಕ ಒಂದೂವರಿ ಜಿಬಿ ಪ್ಯಾಕಿನಾಗ ಎರಡ್ ಪಾಠ ನೋಡೋದ್ರಾಗ ನೆಟ್ ಖಾಲಿ. ಸಂಜಿ ಏಳರ ಮ್ಯಾಲ ಊರ ಮಂದಿ ಎಲ್ಲಾ ಒಂದೇ ಟವರಿಗಿ ಜೋತು ಬೀಳ್ತಾರ, ಪಾಠ ತಿರಗಾಡಿಕೋತ ನಿಂತುಬಿಡ್ತದ. ಗಂಡು ಹುಡುಗ ಇದ್ರ ಗಾಡಿ ತಗೊಂಡು ವಾಡಿಗಿ ಹೋಗಿ ಗೆಳೆಯನ ಮನ್ಯಾಗ ಕುಂತು ಓದ್ತಾನ. ಹೆಣ್ಣು ಹುಡುಗಿನ್ನ ರಾತ್ರಿ ಹಂಗ ಕಳಸ್ತೀವೇನು? ವೈರ್ ಬರಲಾರದ್ದು ಯಾರಿಗಿ ಹೆಚ್ಚು ಹೊಡಿತದ ಅಂತ ಇದರ ಮ್ಯಾಲ ತಿಳಕೋರಿ. 2019ರಾಗ ಕೇರಳ ಹೈಕೋರ್ಟ್ ಒಬ್ಬ ಕಾಲೇಜ್ ಹುಡುಗಿ ಹಾಕಿದ ಕೇಸಿನಾಗ, ಇಂಟರ್ನೆಟ್ ಬಳಸೋದು ಶಿಕ್ಷಣದ ಹಕ್ಕಿನ ಭಾಗ ಅಂತ ತೀರ್ಪು ಕೊಟ್ಟದ. ಕೋರ್ಟಿಗಿ ತಿಳಿದದ್ದು ನಮಗ ತಿಳಿಬಾರದೇನು?

ರೊಕ್ಕದ ಲೆಕ್ಕಾನೂ ಮಾಡೋಣ. 28 ದಿನದ ಪ್ಯಾಕ್ ಅಂದ್ರ ವರ್ಷಕ್ಕ 12 ಅಲ್ಲ, 13 ರೀಚಾರ್ಜ್. ಒಂದಕ್ಕ ಸುಮಾರು 300 ಹಿಡಿದ್ರ ನಾಕು ಫೋನಿನ ಮನಿಗಿ ವರ್ಷಕ್ಕ 15,600 ಆಯ್ತು. ಬ್ರಾಡ್‌ಬ್ಯಾಂಡ್ ತಿಂಗಳಿಗಿ 500 ಹಿಡೀರಿ, 18% ಜಿಎಸ್‌ಟಿ ಕೂಡಿ 590, ವರ್ಷಕ್ಕ 7,080. ಹೊಲಕ್ಕ ಹೋಗೋರ ಒಂದ್ ಫೋನಿಗಿ ನೆಟ್ ಪ್ಯಾಕ್ ಇಟ್ಟು, ಉಳಿದ ಮೂರಕ್ಕ ಬರೇ ಮಾತಾಡೋ ಪ್ಯಾಕ್ ಹಾಕ್ರಿ. ಅಂಥಾ ಪ್ಯಾಕ್ ಕೊಡಲೇಬೇಕು ಅಂತ 2024ರ ಡಿಸೆಂಬರದಾಗ ಟ್ರಾಯ್ ಕಂಪನಿಗಳಿಗಿ ಆದೇಶ ಮಾಡ್ಯದ. 84 ದಿನಕ್ಕ 450ರಿಂದ 470 ಬೀಳ್ತದ. ಎಲ್ಲಾ ಕೂಡಿಸಿದ್ರ ವರ್ಷಕ್ಕ ಸುಮಾರು 17,000. ಅಂದ್ರ ಉಳಿತಾಯ ಆಗ್ತದ ಅಂತ ನಾ ಸುಳ್ಳು ಹೇಳಂಗಿಲ್ಲ, ಸಾವಿರದ ನಾಕ್ನೂರು ಹೆಚ್ಚೇ ಬೀಳ್ತದ. ಆದ್ರ ಮನ್ಯಾಗ ನಾಕೂ ಮಂದಿಗಿ ದಿನಾ ಪೂರ್ತಿ ನೆಟ್ ಸಿಗ್ತದ. ತಿಂಗಳಿಗಿ ನೂರಾ ಹದಿನೈದು ರೂಪಾಯಿಗಿ ಇದು ತುಟ್ಟಿ ಅಲ್ಲ.

ಇನ್ನ ವೈರ್ ಯಾಕ ಸಿಗಂಗಿಲ್ಲ ಅನ್ನೋದು ನೋಡೋಣ. ಹೊಸ ಮನಿಗಿ ಬಂದ ಮ್ಯಾಲ ನಾನೂ ಒಂದು ಕಂಪನಿಗಿ ಫೋನ್ ಹಚ್ಚಿದೆ. ಪಿನ್ ಕೋಡ್ ಹಾಕಿದ್ರ "ನಿಮ್ಮಲ್ಲಿ ಸೇವೆ ಲಭ್ಯ" ಅಂತ ತೋರಿಸ್ತು. ಎರಡು ದಿನ ಬಿಟ್ಟು ಒಬ್ಬ ಹುಡುಗ ಬಂದು, ಕಂಬ ನೋಡಿ, "ಕಾಕಾ, ಇಲ್ಲಿ ತನಕ ಬರಂಗಿಲ್ರಿ, ಅಲ್ಲಿ ಬಾಕ್ಸ್ ಫುಲ್ ಆಗ್ಯದ, ನಿಮ್ಮ ಒಂದ್ ಮನಿ ಸಲುವಾಗಿ ಕೇಬಲ್ ಎಳಿಬೇಕಂದ್ರ ಕಂಬದ ರೊಕ್ಕ ನೀವೇ ಕೊಡಬೇಕಾಗ್ತದ" ಅಂದ. ಹುಡುಗಂದೇನು ತಪ್ಪಿಲ್ಲ, ಅವ ಹೇಳಿದ್ದರಾಗ ಒಂದು ತಿಳಕೊಳ್ಳೋ ಮಾತದ.

ಫೈಬರ್ ಅಂದ್ರ ಕೂದಲೆಳಿಯಷ್ಟು ಸಣ್ಣ ಗಾಜಿನ ಎಳಿ, ಅದರಾಗ ಬೆಳಕು ಓಡ್ತದ. ಎಕ್ಸ್‌ಚೇಂಜಿನಿಂದ ಒಂದು ಎಳಿ ಬಂದು, ಕಂಬದ ಮ್ಯಾಲಿನ ಬಾಕ್ಸಿನಾಗ ಎಂಟೋ ಹದಿನಾರೋ ಪಾಲಾಗ್ತದ. ಕಾಲುವಿ ನೀರು ಹೊಲಕ್ಕ ಹೊಲಕ್ಕ ಪಾಲಾದಂಗ. ಬಾಕ್ಸಿನಾಗ ಜಾಗ ತುಂಬಿದ್ರ ಹೊಸ ಬಾಕ್ಸ್ ಬೇಕು. ಒಂದು ಮನಿಗಿ ಹೊಸ ಬಾಕ್ಸ್ ಯಾವ ಕಂಪನಿನೂ ಇಡಂಗಿಲ್ಲ. ಎಂಟು ಮನಿಗಿ ಇಡ್ತದ. ಹಂಗಾಗಿ ನಮ್ಮ ಹೊಸ ಪ್ಲಾಟಿನ ಏಳು ಮನಿ ಸೇರಿ ಒಂದೇ ಕಾಗದದಾಗ ಸಹಿ ಮಾಡಿ ಕೊಟ್ಟೆವು. ಒಬ್ಬೊಬ್ಬರು ಕೇಳಿದಾಗ ನಾಕು ತಿಂಗಳು ಆಗಲಾರದ್ದು ಮೂರು ವಾರದಾಗ ಆಯ್ತು. ಕಂಬದ ರೊಕ್ಕದ ಮಾತೂ ಬರಲಿಲ್ಲ.

ಇಲ್ಲಿಗಿ ಮುಗಿದಿದ್ರ ನಾ ಬರೀತಿದ್ದಿಲ್ಲ. ನಮ್ಮಿಂದ ಒಂದು ಹೊಲ ದಾಟಿದ್ರ ಕಲ್ಲಿನ ಖಣಿ ಕಡಿ ಇನ್ನೊಂದಿಷ್ಟು ಮನಿ ಅವ. ಕೂಲಿ ಮಾಡೋ ಮಂದಿ. ಅಲ್ಲಿ ತಿಂಗಳಾ ರೊಕ್ಕ ತುಂಬ್ತೀವಿ ಅಂದೋರು ಇಬ್ಬರೇ. ಇಬ್ಬರ ಸಲುವಾಗಿ ಕೇಬಲ್ ಹೋಗಲಿಲ್ಲ. ಕಂಪನಿ ಗಿರಾಕಿ ಇದ್ದಲ್ಲಿ ಹೋಗ್ತದ, ಅದರ ವ್ಯಾಪಾರ ಅದು. ಆ ಮನಿ ಮಕ್ಕಳ ಸಲುವಾಗಿ ಹೋಗಬೇಕಾದದ್ದು ಸರ್ಕಾರದ ಲೈನ್. ಆ ಲೈನಿಗಿ ರೊಕ್ಕ ಹೋಗಿದ್ದು ನಮ್ಮ ಕಿಸೆದಿಂದೇ.

ಹ್ಯಾಂಗ ಅಂದ್ರ ಕೇಳ್ರಿ. ಟೆಲಿಕಾಂ ಕಂಪನಿಗಳು ತಮ್ಮ ಗಳಿಕೆದಾಗ ನೂರಕ್ಕ 5 ರೂಪಾಯಿ ಹಳ್ಳಿ ಸೇವಾದ ನಿಧಿಗಿ ಕಟ್ಟಬೇಕು. ಈ ನಿಧಿ 2002ರಿಂದ ಅದ, ಈಗ ಡಿಜಿಟಲ್ ಭಾರತ್ ನಿಧಿ ಅಂತ ಹೆಸರು. ಕಂಪನಿ ಗಳಿಕಿ ಅಂದ್ರ ನಮ್ಮ ರೀಚಾರ್ಜೇ. ಇದೇ ನಿಧಿಯಿಂದ ಎಲ್ಲಾ ಗ್ರಾಮ ಪಂಚಾಯತಿಗಳಿಗಿ ಫೈಬರ್ ಒಯ್ಯೋ ಯೋಜನಾ 2011ರ ಅಕ್ಟೋಬರದಾಗ ಮಂಜೂರಾಯ್ತು. ಮುಂದ ಅದಕ್ಕ ಭಾರತ್‌ನೆಟ್ ಅಂದ್ರು. 2020ರ ಆಗಸ್ಟ್ 15ಕ್ಕ ಕೆಂಪು ಕೋಟಿ ಮ್ಯಾಲಿಂದ ಪ್ರಧಾನಿಯವರು 1,000 ದಿನದಾಗ 6 ಲಕ್ಷ ಹಳ್ಳಿಗಿ ಫೈಬರ್ ಅಂದ್ರು. ಆ 1,000 ದಿನ 2023ರ ಮೇ ತಿಂಗಳಿಗಿ ಮುಗದು ಹೋದ್ವು. ಅದೇ ವರ್ಷ ಆಗಸ್ಟದಾಗ ಮತ್ತ 1,39,579 ಕೋಟಿ ರೂಪಾಯಿ ಮಂಜೂರಾಯ್ತು. ಈ ಸಲದ ಯೋಜನಾದಾಗ ಪಂಚಾಯತಿ ಆಫೀಸಷ್ಟೇ ಅಲ್ಲ, ಬೇಡಿಕಿ ಇದ್ದ ಹಳ್ಳಿಗೂ, ಮನಿಗೂ ಕನೆಕ್ಷನ್ ಕೊಡೋದು ಸೇರ್ಯದ.

"ಬೇಡಿಕಿ ಇದ್ದ ಹಳ್ಳಿ" ಅನ್ನೋ ಮಾತು ಗಟ್ಟಿ ಹಿಡೀರಿ. ಬೇಡಿಕಿ ಕಾಗದದಾಗ ಇರಬೇಕು, ಕಟ್ಟಿ ಮ್ಯಾಲ ಕುಂತು ಬೈದ್ರ ಅದು ಬೇಡಿಕಿ ಆಗಂಗಿಲ್ಲ. ನೀರಿನ ಟಾಕಿ ತನಕ ಪೈಪ್ ತಂದು, "ಆಯ್ತು, ನಿಮ್ಮೂರಿಗಿ ನೀರು ಬಂತು" ಅಂದ್ರ ನಾವು ಸುಮ್ಮಿರ್ತೀವೇನು? ಮನಿ ಮನಿಗಿ ನಳ ಬೇಕು ಅಂತೀವಿ. ಫೈಬರ್ ಮಾತ್ರ ಪಂಚಾಯತಿ ಆಫೀಸಿನ ಕಪಾಟು ತನಕ ಬಂದು ನಿಂತ್ರ ಯಾಕ ಸುಮ್ಮಿರಬೇಕು? ಎಷ್ಟೋ ಊರಾಗ ಆ ಮಷೀನು ಕರೆಂಟ್ ಇಲ್ಲದೆ, ಕೇಳೋರಿಲ್ಲದೆ ಧೂಳು ತಿನ್ನಲಕತ್ತಾವ.

ನಮ್ಮ ರಾಜ್ಯದ ಕಾಯ್ದಾ ಪ್ರಕಾರ ಆರು ತಿಂಗಳಿಗಿ ಒಮ್ಮೆಯಾದ್ರೂ ಗ್ರಾಮಸಭಾ ಆಗಬೇಕು. ಮುಂದಿನ ಸಭಾಕ್ಕ ಮೂರು ಮಾತು ಒಯ್ಯೋಣ. ಪಂಚಾಯತಿಗಿ ಬಂದ ಫೈಬರ್ ಚಾಲೂ ಅದನೋ ಇಲ್ಲೋ ಎಲ್ಲರ ಮುಂದ ಹೇಳಬೇಕು. ಬೇಕಂದ ಮನಿಗಳ ಪಟ್ಟಿ ಮಾಡಿ ಠರಾವು ಬರೀಬೇಕು, ಅದರಾಗ ಖಣಿ ಕಡಿ ಮನಿಗಳೂ ಬರಬೇಕು. ಹೊಸ ಲೇಔಟಿಗಿ ಪರವಾನಗಿ ಕೊಡೋವಾಗ ಗಟಾರ, ರೋಡಿನ ಜೋಡಿ ಕೇಬಲ್ ಪೈಪೂ ಹಾಕ್ಸಬೇಕು. ರೋಡ್ ಮಾಡಿ, ಮರು ವರ್ಷ ಅದನ್ನೇ ಅಗಿಯೋ ಖರ್ಚರೆ ಉಳಿತದ.

ನಮ್ಮ ನೆಲ ಅಗಿಯೋದು ಹಗುರ ಅಲ್ಲ ಅಂತ ಗೊತ್ತದ. ಎಷ್ಟೋ ಕಡಿ ಎರಿ ಮಣ್ಣಿನ ಕೆಳಗ ಎರಡ್-ಮೂರ್ ಫೂಟಿಗಿ ಹಾಸುಬಂಡಿ ಹತ್ತತದ. ಕಂಬದ ಮ್ಯಾಲ ಎಳದ್ರ ಕಲ್ಲಿನ ಲಾರಿ, ಸಿಮೆಂಟ್ ಲಾರಿ ಓಡೋ ರೋಡಿಗಿ ಜೋತುಬಿದ್ದ ವೈರ್ ಉಳಿಯಂಗಿಲ್ಲ. ಅಂಥಲ್ಲಿ ಹೊಲದ ಬದುವಿನಿಂದ ದಾರಿ ಕೊಡೋದು ನಮ್ಮ ಕೈಯಾಗದ. ಇಂಗ್ಲೆಂಡಿನ ಲ್ಯಾಂಕಷೈರ್ ಕಡಿ ಕಂಪನಿಗಳು ಹಳ್ಳಿಗಿ ಬರಲಿಲ್ಲ ಅಂತ 2011ರಾಗ ಊರವರೇ ಸೇರಿ ಬಿ4ಆರ್‌ಎನ್ ಅಂತ ಒಂದು ಸಂಘ ಕಟ್ಟಿದ್ರು. ರೈತರು ಬಾಡಿಗಿ ಕೇಳದೆ ತಮ್ಮ ಹೊಲದಾಗ ದಾರಿ ಕೊಟ್ರು, ತಾವೇ ಗುಂಡಿ ತೋಡಿ ಪೈಪ್ ಹೂಳಿದ್ರು, ಷೇರು ಹಾಕಿದ್ರು. ಅಲ್ಲಿ ಹೊಲಗಳ ನಡುವಿನ ಮನಿಗಳಿಗಿ ಈಗ ಪ್ಯಾಟಿ ಮಂದಿಗಿಂತ ಜೋರು ನೆಟ್ ಅದ. ನಾವು ಅಷ್ಟು ಮಾಡೋದು ಬ್ಯಾಡ, ಬದುವಿನ ಮ್ಯಾಲ ಕಂಬ ಬಂದ್ರ ಕೈ ಅಡ್ಡ ಹಿಡಿಯಲಾರದಂಗ ಇದ್ರ ಸಾಕು.

ಈಗ ಮನಿ ಕಟ್ಟಲಕತ್ತವರಿಗಿ ಕೆಲವು ಮಾತು.

ಹೊರಗಿನ ಗ್ವಾಡಿಯಿಂದ ಪಡಸಾಲಿ ತನಕ ಒಂದು ಇಂಚಿನ ಪಿವಿಸಿ ಪೈಪ್ ಬ್ಯಾರೇನೇ ಹಾಕ್ಸ್ರಿ. ಕರೆಂಟಿನ ಪೈಪಿನಾಗ ತೂರಸಬ್ಯಾಡ್ರಿ. ತಿರುವು ಬಂದಲ್ಲಿ ಎಲ್ಬೋ ಬ್ಯಾಡ, ಉದ್ದನ ಬೆಂಡ್ ಹಾಕ್ಸ್ರಿ. ಗಾಜಿನ ಎಳಿ, ಗಕ್ಕನ ಮಡಚಿದ್ರ ಬೆಳಕು ಸೋರ್ತದ. ಪೈಪಿನೊಳಗ ಒಂದು ಬೈಂಡಿಂಗ್ ತಂತಿ ಬಿಟ್ಟಿರ್ರಿ, ನಾಳಿ ವೈರ್ ಎಳಿಲಾಕ ಬೇಕಾಗ್ತದ. ಗಿಲಾವ್ ಆಗೋದ್ರೊಳಗ ಇಷ್ಟು ಮಾಡಿದ್ರ ಖರ್ಚು ಕೆಲವೇ ನೂರು ರೂಪಾಯಿ.

ವೈಫೈ ಡಬ್ಬಿ ಮನಿ ನಡುವ ಇರಲಿ. ನಮ್ಮ ಕಲ್ಲಿನ ಗ್ವಾಡಿ ಒಂದೂವರಿ ಫೂಟ್ ದಪ್ಪ, ಎರಡ್ ಗ್ವಾಡಿ ದಾಟಿದ್ರ ಸಿಗ್ನಲ್ ಸಾಯ್ತದ. ಮಾಳಿಗಿ ಮ್ಯಾಲ ಖೋಲಿ ಇದ್ರ ಅಲ್ಲಿಗೂ ಒಂದು ಪೈಪ್ ಬಿಡ್ರಿ. ಕಬ್ಬಿಣದ ಕಪಾಟಿನಾಗ, ಟಿವಿ ಹಿಂದ ಇಡಬ್ಯಾಡ್ರಿ. ಡಬ್ಬಿಗಿ ಒಂದು ಸಣ್ಣ ಬ್ಯಾಟರಿ ಯುಪಿಎಸ್ ಹಚ್ಚಿದ್ರ ಮನಿ ಕರೆಂಟ್ ಹೋದ್ರೂ ಒಂದೆರಡು ತಾಸು ನಡಿತದ.

ವೈರ್ ಹಚ್ಚಿದ ಹುಡುಗನಿಗಿ ಮೀಟರ್ ತೋರಸು ಅನ್ರಿ. ಮೈನಸ್ 15ರಿಂದ ಮೈನಸ್ 25ರೊಳಗ ಇದ್ರ ಛಲೋ. ಮೈನಸ್ 27 ದಾಟಿದ್ರ ಎಲ್ಲೋ ಮಡಚ್ಯದ ಇಲ್ಲಾ ಜೋಡಣಿ ಸರಿ ಆಗಿಲ್ಲ, ಆಗಲೇ ಸರಿ ಮಾಡ್ಸ್ರಿ. ಮುಂದ ಯಾವಾಗರೆ ಡಬ್ಬಿ ಮ್ಯಾಲ ಕೆಂಪು ದೀಪ ಮಿಣುಕಿದ್ರ ತಿಳಕೋರಿ, ಹೊರಗ ವೈರ್ ಕಡದದ.

ನಮ್ಮ ವಾಡಿ ಜಂಕ್ಷನ್ನಿನಾಗ ಮುಂಬೈ, ಚೆನ್ನೈ, ಹೈದರಾಬಾದ್ ಲೈನ್ ಕೂಡ್ತಾವ. ದೊಡ್ಡ ರೈಲ್ ಲೈನಿನ ಹಳಿ ಪಕ್ಕದಾಗೇ ರೈಲ್ವೆಯವರ ಫೈಬರ್ ಓಡ್ತದ, ದೇಶದ ಮಾತು ಅದರಾಗ ಹೋಗ್ತದ. ನಮ್ಮ ತೊಗರಿ ಹೊಲದ ಮಗ್ಗಲಿಂದೇ ಬೆಳಕು ಹಾದು ಹೋಗೋವಾಗ, ಖಣಿ ಕಡಿ ಮನಿ ಹುಡುಗಿ ರಾತ್ರಿ ಮಾಳಿಗಿ ಹತ್ತಿ ಸಿಗ್ನಲ್ ಹುಡುಕೋದು ನಮಗ ಶೋಭಾ ತರೋ ಮಾತಲ್ಲ.

ನಿಮ್ಮ ಪಂಚಾಯತಿದಾಗ ಮುಂದಿನ ಗ್ರಾಮಸಭಾ ಯಾವಾಗ ಅಂತ ಇವತ್ತೇ ಕೇಳ್ರಿ. ಹೋಗೋವಾಗ ಬಾಜೂ ಮನಿಯವರನ್ನೂ ಕರ್ಕೊಂಡು ಹೋಗ್ರಿ. ಸೇಡಂ, ಚಿಂಚೋಳಿ ಕಡಿ ಯಾರಾದ್ರೂ ಪಂಚಾಯತಿ ಲೈನ್ ಮನಿ ತನಕ ತಂದಿದ್ರ ಹ್ಯಾಂಗ ಮಾಡಿದ್ರಿ ಅಂತ ತಿಳಿಸ್ರಿ, ನಾವೂ ಅದೇ ದಾರಿ ಹಿಡಿತೀವಿ.