ವಾಯಿದೆಯ ಮೇಲೆ ವಾಯಿದೆ

ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತೆಯವರ ಮೇಲಣ ಅಕ್ರಮ ಆಸ್ತಿಯ ಮೊಕದ್ದಮೆಯು 1996ರಲ್ಲಿ ಹುಟ್ಟಿ, 2003ರಲ್ಲಿ ಬೆಂಗಳೂರಿಗೆ ವರ್ಗವಾಗಿ, 2014ರಲ್ಲಿ ಇಲ್ಲಿ ತೀರ್ಮಾನವಾಯಿತು. ಕಾಗದಪತ್ರಗಳ ಭಾಷಾಂತರ, ಸಾಕ್ಷಿಗಳ ಮರುವಿಚಾರಣೆ, ಅರ್ಜಿಯ ಮೇಲೆ ಅರ್ಜಿ. 2017ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ಮೊದಲನೆಯ ಆರೋಪಿಯೇ ಬದುಕಿರಲಿಲ್ಲ.

ಆರೋಪಿಯ ಪರವಾಗಿ ವಕೀಲರು ಶಕ್ತಿಮೀರಿ ವಾದಿಸುವುದನ್ನು ನಾವು ಆಕ್ಷೇಪಿಸುವವರಲ್ಲ. ವಾದಿಸುವುದು ಬೇರೆ, ದಣಿಸುವುದು ಬೇರೆ. ಜ್ಯೂರಿಯಿದ್ದ ಕಾಲದಲ್ಲಿ, ಅತಿಯಾಗಿ ಎಳೆದರೆ ಜ್ಯೂರಿಯವರು ಬೇಸತ್ತು ತಿರುಗಿಬಿದ್ದಾರೆಂಬ ಅಂಜಿಕೆಯಾದರೂ ವಕೀಲರಿಗಿತ್ತು. 1973ರ ದಂಡಪ್ರಕ್ರಿಯಾ ಸಂಹಿತೆಯು ಜ್ಯೂರಿಯನ್ನು ಕೈಬಿಟ್ಟಿತು. (ಅದರ ತಪ್ಪುಗಳೂ ಕಡಮೆಯಿರಲಿಲ್ಲವೆನ್ನಿ.) ಈಗ ದಣಿಯುವವನು ಸಾಕ್ಷಿದಾರನು, ಅವನ ದಣಿವಿನಿಂದ ಆರೋಪಿಯ ಪಕ್ಷಕ್ಕೆ ಲಾಭವೇ ಹೊರತು ನಷ್ಟವಿಲ್ಲ. ತೋವಿನಕೆರೆಯ ರೈತನೊಬ್ಬನು ರಾಗಿಯ ಕಟಾವನ್ನು ಬಿಟ್ಟು, ಬಸ್ಸು ಹಿಡಿದು ಮಧುಗಿರಿಯ ಕೋರ್ಟಿಗೆ ಹೋಗಿ, ಸಂಜೆಯವರೆಗೂ ಕಾದು, ಮುಂದಿನ ವಾಯಿದೆಯ ತಾರೀಖನ್ನು ಮಾತ್ರ ಕೇಳಿಕೊಂಡು ಹಿಂದಿರುಗಿದರೆ, ನಾಲ್ಕನೆಯ ಸಲ ಅವನು ಬಂದಾನೆ? ಬಂದರೂ ಕಂಡುದನ್ನು ಕಂಡಂತೆ ನುಡಿಯಬಲ್ಲನೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 346ನೆಯ ಕಲಮು, ಕೈಮೀರಿದ ಕಾರಣಗಳಿದ್ದರೂ ಎರಡಕ್ಕಿಂತ ಹೆಚ್ಚು ವಾಯಿದೆ ಸಲ್ಲದೆನ್ನುತ್ತದೆ. ಅದು ಪುಸ್ತಕದಲ್ಲಿಯೇ ಉಳಿಯದೆ ತಾಲ್ಲೂಕಿನ ಕೋರ್ಟುಗಳಲ್ಲಿ ನಡೆಯಬೇಕು. ಹಾಜರಾದ ಸಾಕ್ಷಿಯ ಹೇಳಿಕೆಯನ್ನು ಅಂದೇ ಬರೆದುಕೊಳ್ಳಬೇಕು.