ಅಕಿನ್ನಷ್ಟ ಯಾಕ ಕೇಳ್ತೀರಿ?

ಶ್ರಾವಣ ಮಂಗಳವಾರ ಅರಿಷಿಣ-ಕುಂಕುಮಕ್ಕ ಸೇರಿದಾಗ ಎಲ್ಲಾರ ಬಾಯಾಗ ನಮ್ಮ ಅಕ್ಕನ ಮಗಳದ ಸುದ್ದಿ. ಅಕಿ, ಅಕಿ ಗಂಡ, ಆರು ವರ್ಷದ ಮಗ, ಮೂವರೂ ಗೋರಖಪುರದ ಮ್ಯಾಲಿಂದ ನೇಪಾಳಕ್ಕ, ಆಮ್ಯಾಲೆ ಸಿಲಿಗುರಿ ಹಾದು ಭೂತಾನಕ್ಕ, ಬಸ್ಸು-ರೈಲಿನ್ಯಾಗ ಐದು ತಿಂಗಳು ತಿರಗತಾರಂತ. "ಹುಡುಗನ ಸಾಲಿ ಗತಿ ಏನು?" ಅಂದ್ರು ಒಬ್ಬರು. "ಮನ್ಯಾಗ ಅತ್ತಿ ಇದ್ದಾರ, ಅವರನ್ನ ನೋಡಾವ್ರು ಯಾರು?" ಅಂದ್ರು ಇನ್ನೊಬ್ರು. ಗಂಡನ ಹೆಸರು ಯಾರೂ ಎತ್ತಲಿಲ್ಲ ನೋಡ್ರಿ. ಆ ಅತ್ತಿ ಅವನ ಹಡದವ್ವ!

ನಾನೂ ಆವತ್ತು ಬಾಯಿ ಮುಚಗೊಂಡು ಕೂತೆ. ಅದಕ್ಕ ಇವತ್ತ ಬರಿಯೂದು.

ಐರ್ಲೆಂಡಿನ ಲಿಸ್ಮೋರ್ ಅನ್ನೋ ಊರಾಗ ಡರ್ವ್ಲಾ ಮರ್ಫಿ ಅಂತ ಇದ್ರು, 1931ರಾಗ ಹುಟ್ಟಿದವರು. ಹತ್ತನೇ ಹುಟ್ಟುಹಬ್ಬಕ್ಕ ಒಂದು ಸೈಕಲ್ಲು, ಒಂದು ಭೂಪಟದ ಪುಸ್ತಕ ಸಿಕ್ಕಾಗ, ಸೈಕಲ್ ಮ್ಯಾಲೆನ ಭಾರತಕ್ಕ ಹೋಗ್ತೀನಿ ಅಂತ ಗಟ್ಟಿ ಮಾಡಿಕೊಂಡ್ರು. ಆದ್ರ ಹದಿನಾಲ್ಕಕ್ಕ ಸಾಲಿ ಬಿಡಬೇಕಾತು. ಸಂಧಿವಾತದಿಂದ ಅವ್ವ ನೆಲಾ ಹಿಡದಿದ್ರು. ಹದಿನಾರು ವರ್ಷ ಸೇವಾ ಮಾಡಿದ್ರು. ಅವ್ವ 1962ರಾಗ ತೀರಿಕೊಂಡ್ರು, 1963ರ ಜನವರಿಯೊಳಗ ಇವರು ಸೈಕಲ್ ಹತ್ತಿದ್ರು. ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ದಿಲ್ಲಿಗೆ ಬಂದ್ರು.

ನಾನು ನಮ್ಮ ಅತ್ತಿಯವರ ಹಾಸಿಗಿ ಒಂಬತ್ತು ವರ್ಷ ತೆಗದೀನಿ. ಅದು ಮುಗದ ಮ್ಯಾಲೆ ನಾ ಎಲ್ಲಿಗೆ ಹೋದೆ? ಮಂತ್ರಾಲಯಕ್ಕ, ಎರಡು ಸಲ.

ಅವರ ಮಗಳು ರೇಚಲ್ 1968ರಾಗ ಹುಟ್ಟಿದಳು. ಮದಿವಿ ಇಲ್ಲ, ಒಬ್ಬರ ಸಾಕಿದ್ರು. ಕೂಸು ಸಣ್ಣದಿದ್ದಾಗ ದೂರದ ಪ್ರವಾಸ ಬಿಟ್ಟು ಮನ್ಯಾಗ ಉಳದ್ರು. ಮಗಳಿಗೆ ಐದು ತುಂಬೂ ಹೊತ್ತಿಗೆ ಕರಕೊಂಡು ಹೊಂಟದ್ದು ಎಲ್ಲಿಗೆ ಗೊತ್ತೇನು? ನಮ್ಮ ಕೊಡಗಿಗೆ! ಮುಂದಿನ ಚಳಿಗಾಲ ಬಾಲ್ಟಿಸ್ತಾನಕ್ಕ. ಸಿಂಧೂ ನದಿ ಕಣಿವ್ಯಾಗ ಹುಡುಗಿ ಪೋಲೋ ಆಡಿ ಮುದಿಯಾದ ಕುದುರಿ ಮ್ಯಾಲೆ, ಅವ್ವ ಕಾಲ್ನಡಿಗ್ಯಾಗ.

ಅದು ಹುಚ್ಚುತನ ಅಂದ್ರ ಅರ್ಧಾ ಒಪ್ಪತೀನಿ. ಆ ಚಳಿಯೊಳಗ ನಾನಾದ್ರ ಕೂಸಿನ್ನ ಒಯ್ಯತಿದ್ದಿಲ್ಲ. ಆದ್ರ ನಮ್ಮ ಹುಡುಗಿ ಹೊಂಟದ್ದು ಕಾಠಮಾಂಡುವಿಗೆ, ನಮ್ಮ ಮಂದಿಗೆ ಅಲ್ಲೆ ವೀಸಾನೂ ಬೇಕಾಗಿಲ್ಲ. (ಭೂತಾನದಾಗ ದೊಡ್ಡವರಿಗೆ ರಾತ್ರಿಗೆ 1200 ರೂಪಾಯಿ ಕಟ್ಟಬೇಕು, ಅಲ್ಲೆ ನಾಕ ದಿನ ಇದ್ರ ಸಾಕು ಅಂತ ನಾನ ಹೇಳೀನಿ.) ಒಂದನೇತ್ತಾ ಹುಡುಗ ಐದು ತಿಂಗಳು ಸಾಲಿ ತಪ್ಪಿಸಿದ್ರ ಕಳಕೊಳ್ಳೂದರ ಏನು? ಮಗ್ಗಿ? ರೈಲಿನ್ಯಾಗ ಬಾಯಿಪಾಠ ಮಾಡತಾನ.

ನಮ್ಮ ಅಜ್ಜಿ ಕಂಕುಳಾಗ ಕೂಸಿನ್ನ ಎತಗೊಂಡು ಪಂಢರಪುರಕ್ಕ ನಡಕೋತ ಹೋಗತಿದ್ಲು. ಊರು ಕಾಲು ಬಿದ್ದು ಕಳಸತಿತ್ತು. ದೇವರ ಹೆಸರು ಹೇಳಿದ್ರ ಪುಣ್ಯಾ, "ನನಗ ನೋಡಬೇಕನಸೇದ" ಅಂದ್ರ ಸೊಕ್ಕೇನು?

ಇನ್ನ ಅತ್ತಿ ಮಾತು. ವೈನೀ, ನೀವು ಅವತ್ತ ಎಲ್ಲಾರಕಿಂತ ಜೋರಾಗಿ ಕೇಳಿದ್ರಿ, ಅದಕ್ಕ ನಿಮಗ ಹೇಳ್ತೀನಿ. ಅವರಿಗೆ ಹುಬ್ಬಳ್ಳಿಯೊಳಗನ ಇನ್ನೂ ಇಬ್ಬರು ಗಂಡುಮಕ್ಕಳಿದ್ದಾರ, ಪಾಳಿ ಹಚಗೊಳ್ಳಲಿ. ಕಡೀ ಎರಡು ತಿಂಗಳು ನಮ್ಮನಿಗೆ ಬರಲಿ. ಹಿಂದಿನ ಖೋಲಿ ಖಾಲಿ ಅದ, ಕಮೋಡ್ ಸನೇಕದ, ರಾತ್ರಿ ಗಂಜಿ ಅಷ್ಟ ಉಣ್ತಾರಂತ ನನಗ ಗೊತ್ತದ.